ಹನಮಂತವ್ವ ಹನುಮಪ್ಪನಿಗೆ ಕೊಟ್ಟ ಕಲ್ಲು

ಹಮ್ಮಿಗಿಯ ಹನಮಂತವ್ವ ಇಪ್ಪತ್ತು ವರ್ಷ ಗಂಡನ ಪೆಟ್ಟು ತಿಂದವಳು. ಎಡಗಿವಿ ಕೇಳಿಸದು, ಮುಂದಿನ ಎರಡು ಹಲ್ಲಿಲ್ಲ. ಗಂಡನ ಹೆಸರು ಮೌನೇಶ, ಬಾಯಿ ಮಾತ್ರ ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು. ಅವನು ಹೊಡೆಯುವಾಗ ನೆರೆಯವರಾದ ನಾವು ಬಾಗಿಲು ಮುಂದೆ ಮಾಡಿಕೊಂಡು ಕೂತಿರುತ್ತಿದ್ದೆವು. ನಮ್ಮಂಥ ಹೇಡಿಗಳು ಹುಡುಕಿದರೂ ಸಿಗಲಿಕ್ಕಿಲ್ಲ.

ಕೊನೆಗೆ ಆಕೆ ಹನುಮಪ್ಪನಿಗೆ ಹರಕೆ ಹೊತ್ತಳು. ಹೊಡೆಯುವ ಆ ಬಲಗೈ ನಿಲ್ಲಿಸಿದರೆ ಗುಡಿಗೆ ಹಾಸುಗಲ್ಲು ಕೊಡುತ್ತೇನೆ ಎಂದಳು. ಗದಗ ಬೇರೆ ಜಿಲ್ಲೆಯಾಗಿ ಎಲ್ಲೆಲ್ಲೂ ರಸ್ತೆ ಕೆಲಸ ಎದ್ದಿದ್ದ ಕಾಲವದು. ಜಲ್ಲಿ ಕ್ರಷರಿನಲ್ಲಿ ದುಡಿಯುತ್ತಿದ್ದ ಮೌನೇಶನ ಬಲಗೈ ಬೆಲ್ಟಿಗೆ ಸಿಕ್ಕಿ ಮೊಣಕೈತನಕ ಹೋಯಿತು.

ನಮ್ಮೂರ ಗುಡಿಗೆ ಕಲ್ಲು ಕೊಟ್ಟವರು ಹೆಸರಿನ ಜೊತೆ ಕಾರಣವನ್ನೂ ಕೆತ್ತಿಸುತ್ತಾರೆ. ಅದಕ್ಕೆಂದು ಮುಂಡರಗಿಯ ಮಹಬೂಬಸಾಬ ಉಳಿ ಹಿಡಿದು ಬಂದ.

"ಗಂಡ ಉಳದದ್ದಕ್ಕ ಅಂತ ಬರೀಲೇನವ್ವಾ?"

"ಬ್ಯಾಡ್ರಿ ಸಾಬ್ರ. ಬೇಡಿಕೊಂಡಿದ್ದನ್ನ ಬರೀರಿ. ದೇವ್ರ ಮುಂದ ಸುಳ್ಳ ಹೆಂಗ ಇಡ್ಲಿ?"

ಸಾಬ ಕೆತ್ತಿದ: 'ಹನಮಂತವ್ವನ ಸೇವೆ. ಗಂಡನ ಹೊಡೆಯುವ ಕೈ ನಿಲ್ಲಿಸಿದ್ದಕ್ಕೆ.'

ಕಲ್ಲು ಹಾಸಿದ ಶನಿವಾರ ಊರೆಲ್ಲ ಅದನ್ನು ಓದಿತು. ಓದು ಬಾರದ ಮೌನೇಶನಿಗೂ ಯಾರೋ ಪುಣ್ಯಾತ್ಮರು ಓದಿ ಹೇಳಿದರು. ಅವನು ಸುತ್ತಿಗೆ ಹಿಡಿದು ಗುಡಿಗೆ ನುಗ್ಗಿದ. ಎಡಗೈ ಏಟಿಗೆ ಕಲ್ಲು ಜಗ್ಗಲಿಲ್ಲ. ಸುತ್ತಿಗೆ ಬಿಸಾಕಿ, ಅಲ್ಲೇ ಇದ್ದ ಹೆಂಡತಿಯ ತುರುಬು ಹಿಡಿದು ಕೆಡವಿದ. ಆಕೆಯ ಮುಖವನ್ನು ಆ ಅಕ್ಷರಗಳ ಮೇಲೆ ಬಡಿದ. ಮತ್ತೆ ಬಡಿದ, ಮತ್ತೆ ಬಡಿದ. ಮೂಗು ಒಡೆದು ಕೆತ್ತಿದ ತಗ್ಗುಗಳಲ್ಲಿ ರಕ್ತ ನಿಂತಿತು.

"ನಿನ್ನ ಹನುಮಪ್ಪಗ ಹೇಳು ಲೇ, ಎಡಗೈ ಇನ್ನೂ ಐತಿ ಅಂತ," ಎಂದು ಏದುಸಿರು ಬಿಡುತ್ತ ಆ ಕೈಯನ್ನೇ ಕಲ್ಲಿನ ಮೇಲೆ ಊರಿದ.

ಗುಡಿಯಲ್ಲಿ ನಾವು ಹದಿನೈದು ಗಂಡಸರಿದ್ದೆವು. ಒಬ್ಬನೂ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಆಕೆ ತಲೆಯೆತ್ತಿ ನಮ್ಮನ್ನು ನೋಡಿದಳು, ಗರ್ಭಗುಡಿಯತ್ತಲೂ ನೋಡಿದಳು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಸುತ್ತಿಗೆ ಎಳೆದುಕೊಂಡು ಅವನ ಎಡಗೈ ಮೇಲೆ ಇಳಿಸಿದಳು. ಎಲುಬು ಮುರಿದದ್ದು ಬಾಗಿಲಲ್ಲಿದ್ದವರಿಗೂ ಕೇಳಿಸಿತು. ಅವನು ಚೀರುತ್ತಿದ್ದಂತೆಯೇ ಇನ್ನೊಂದು ಏಟು ಹಾಕಿದಳು.

ಪೂಜಾರಿ ಆಗ ಬಾಯಿ ಬಿಟ್ಟ. "ದೇವ್ರ ಮುಂದ ಇದೇನ ಮಾಡಿದ್ಯವ್ವಾ?"

ಹನಮಂತವ್ವ ಸೆರಗಿನಿಂದ ಬಾಯಿಯ ರಕ್ತ ಒರೆಸಿಕೊಂಡಳು.

"ಇದಕ್ಕ ದೇವ್ರ ಹೆಸ್ರ ಹಚ್ಚಬ್ಯಾಡ್ರಿ," ಎಂದಳು. "ಇದನ್ನ ನಾನ ಮಾಡೇನಿ."