ಮುನಿರಾಜಣ್ಣನ ತಾಳ

ಮುನಿರಾಜಣ್ಣ ಎರಡು ಇಟ್ಟಿಗೆಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುವಾಗ ಸುತ್ತ ನಿಂತವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಲಾರಿಯವನು ಎಂಜಿನ್ ಆರಿಸಬೇಕು, ಕೊಳ್ಳಲು ಬಂದವನು ಫೋನ್ ಜೇಬಿಗಿಡಬೇಕು. ಠಣ್ ಎಂದರೆ ಇಟ್ಟಿಗೆ ಚೆನ್ನಾಗಿ ಬೆಂದಿದೆ, ಲೋಡು ಹೋಗಬಹುದು. ಠಪ್ ಎಂದರೆ ಇಡೀ ರಾಶಿ ಪಕ್ಕಕ್ಕೆ. ಮಾಲೂರಿನ ಆ ಇಟ್ಟಿಗೆ ಗೂಡಿನಲ್ಲಿ ಮಾಲೀಕನ ಮಾತಿಗಿಂತ ಮೇಸ್ತ್ರಿಯಾಗಿದ್ದ ಇವರ ಕಿವಿಯ ಮಾತೇ ನಡೆಯುತ್ತಿತ್ತು.

ಗೂಡಿನಲ್ಲಿ ಮಾತ್ರ ಹೀಗಿದ್ದರೆ ನನ್ನ ತಕರಾರಿರಲಿಲ್ಲ. ಪಕ್ಕದ ಮನೆಯವರಾದ್ದರಿಂದ ನಮ್ಮ ಮನೆಯ ಸಾಮಾನನ್ನೂ ಬಿಡುತ್ತಿರಲಿಲ್ಲ. ಕಾಫಿ ಕುಡಿದು ಪಿಂಗಾಣಿ ಕಪ್ಪನ್ನು ಉಗುರಿನಿಂದ ತಟ್ಟಿ, “ಇದು ಒಳಗೆ ಬಿರುಕು ಬಿಟ್ಟೈತೆ ಕಣಮ್ಮ” ಎಂದು ನನ್ನ ಹೆಂಡತಿಗೆ ಹೇಳಿ ಹೋಗುವರು. ಎರಡು ದಿನಕ್ಕೆ ಆ ಕಪ್ಪು ಒಡೆಯುವುದು. ಅವರೇ ಒಡೆದರೇನೋ ಎಂಬಂತೆ ಅವಳು ನನ್ನ ಮೇಲೆ ರೇಗುವಳು.

ಇಂಥವರಿಗೆ ಹಿಡಿದಿದ್ದ ಹುಚ್ಚು ರಾಕ್ ಸಂಗೀತ. ಹರೆಯದಲ್ಲಿ ಬೆಂಗಳೂರಿಗೆ ಇಟ್ಟಿಗೆ ಇಳಿಸಲು ಹೋದಾಗ ಮನೆ ಕಟ್ಟಿಸುತ್ತಿದ್ದ ಯಾರೋ ಒಂದು ಹಳೆಯ ಕ್ಯಾಸೆಟ್ ಕೊಟ್ಟಿದ್ದರಂತೆ. ಮೇಲಿನ ಕಾಗದವಿಲ್ಲ, ಆಲ್ಬಮ್ಮಿನ ಹೆಸರು ಗೊತ್ತಿಲ್ಲ, ಇವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಟೇಪು ಸವೆದು ತುಂಡಾಗುವವರೆಗೆ ಕೇಳಿದ್ದರು. ಅವರ ಜೀವ ಇದ್ದದ್ದು ಡ್ರಮ್ಮಿನ ಜೊತೆಗೆ ಬಡಿಯುವ ಹಿತ್ತಾಳೆ ತಟ್ಟೆಯ ಸದ್ದಿನಲ್ಲಿ. ಅದನ್ನು ಅವರು ತಾಳ ಎನ್ನುತ್ತಿದ್ದರು. ಟೇಪು ಹೋದ ಮೇಲೆ ಹಾಡನ್ನೆಲ್ಲ ಬಾಯಲ್ಲೇ ನುಡಿಸಿ ತೋರಿಸುವರು. ನಾನು ಅತ್ತ ಇತ್ತ ನೋಡಿದರೆ ತೆಲುಗಿನಲ್ಲಿ, “ವಿನರಾ” ಎಂದು ಗದರುವರು. “ಕೇಳ್ಲಾ, ಮೂರನೇ ಹಾಡ್ನಾಗೆ ಅವ್ನು ತಾಳ ಹೊಡೆದ್ರೆ ಚೆನ್ನಾಗಿ ಬೆಂದ ಇಟ್ಟಿಗೆ ತಟ್ಟಿದಂಗಿರ್ತೈತೆ.”

ಈ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ದಿನವೂ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನನಗೇ ಗೊತ್ತಿಲ್ಲದೆ ಗುನುಗುತ್ತಿದ್ದೆ. ಎದುರಿಗೆ ಕೂತಿದ್ದ ಗೆಳೆಯನೊಬ್ಬ ಅದು ಯಾವ ಆಲ್ಬಮ್ ಎಂದು ಗುರುತು ಹಿಡಿದ. ಸ್ಟುಡಿಯೋದ ಮೂಲ ಟೇಪನ್ನು ಶುದ್ಧಮಾಡಿ, ಒಂದು ಎಳೆಯೂ ಕಳೆಯದಂತೆ ಹೈ-ರೆಸಲ್ಯೂಶನ್ನಿನಲ್ಲಿ ಈಗ ಮತ್ತೆ ಬಿಟ್ಟಿದ್ದಾರೆ ಎಂದ. ನಾನು ಅದನ್ನು ಫೋನಿಗೆ ಇಳಿಸಿಕೊಂಡು, ಒಳ್ಳೆಯ ಹೆಡ್‌ಫೋನ್ ಕೊಂಡು, ಮುನಿರಾಜಣ್ಣನನ್ನು ನಮ್ಮ ಜಗಲಿಯಲ್ಲಿ ಕೂರಿಸಿದೆ. ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ.

ಮೂರನೇ ಹಾಡು ಮುಗಿಯಿತು. ಹೆಡ್‌ಫೋನ್ ತೆಗೆದು ಕೈಗೆ ಕೊಟ್ಟರು. “ತಾಳ ತೆಗೆದ್ಬಿಟ್ಟವ್ರೆ.”

ನಾನು ಹಾಕಿಕೊಂಡು ಕೇಳಿದೆ. ಗಿಣಿಗಿಣಿ ಎನ್ನುತ್ತಿತ್ತು. “ಐತಲ್ಲಣ್ಣ.”

“ಎಲ್ಲೈತೆ? ಉಜ್ಜಿ ಉಜ್ಜಿ ಒರೆಸಿಬಿಟ್ಟವ್ರೆ. ಹೊಸದು ಮಾಡ್ತೀವಿ ಅಂತ ಹಳೇದ್ರ ಜೀವ ತೆಗೆಯೋದು ಇದೇ.”

ಅಲ್ಲಿಂದ ನನಗೆ ಶನಿ ಶುರುವಾಯಿತು. ಸಂಜೆ ರೈಲಿಳಿದು ಮನೆಗೆ ಬಂದರೆ ಗೇಟಿನ ಹತ್ತಿರ ನಿಂತಿರುವರು. “ಹಾಡಿನ ಕಂಪನಿಯವ್ರಿಗೆ ಬರೆದ್ಯೇನೋ?” ಕಾಟ ತಾಳಲಾರದೆ ಬರೆದೆ. ಎಲ್ಲ ವಾದ್ಯಗಳೂ ಮೂಲದಲ್ಲಿದ್ದಂತೆಯೇ ಇವೆ ಎಂದು ಮರ್ಯಾದೆಯ ಉತ್ತರ ಬಂತು. ಓದಿ ಹೇಳಿದರೆ, “ಸುಳ್ಳು” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮತ್ತೆ ಬರೆ ಎಂದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಆಗಲೇ ನಾನು ಮನೆಯ ಮೇಲೆ ಒಂದು ರೂಮು ಕಟ್ಟಿಸುತ್ತಿದ್ದೆ. ಇಟ್ಟಿಗೆ ಅವರ ಗೂಡಿನದೇ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತ್ತು. ಆಮೇಲೆ ಬರಬೇಕಿದ್ದ ಲೋಡನ್ನು ಮುನಿರಾಜಣ್ಣ ಠಪ್ ಎಂದು ನಿಲ್ಲಿಸಿದರು. ಎರಡನೆಯದನ್ನೂ ನಿಲ್ಲಿಸಿದರು. “ಮಣ್ಣೇ ಕೆಟ್ಟೋಗೈತೆ ಕಣೋ. ದನಿನೇ ಇಲ್ಲ.” ಗಾರೆಯವರು ಕೈಕಟ್ಟಿ ಕೂತಿದ್ದರು. ಮೂರನೆಯ ಸಲ ನಾನೇ ರಜೆ ಹಾಕಿ ಗೂಡಿಗೆ ಹೋದೆ. ಅವರು ತಟ್ಟಿ ತಲೆಯಾಡಿಸಿದಾಗ, ಆ ಇಟ್ಟಿಗೆಗಳನ್ನು ಕಿತ್ತುಕೊಂಡು ನಾನು ತಟ್ಟಿದೆ.

ಠಣ್ ಎಂದಿತು. ಅಲ್ಲಿದ್ದವರಿಗೆಲ್ಲ ಕೇಳಿಸಿತು, ಅವರೊಬ್ಬರಿಗೆ ಬಿಟ್ಟು. ನನಗೆ ಎಲ್ಲ ಅರ್ಥವಾಯಿತು. ಅರ್ಥವಾದ ಮೇಲಾದರೂ ಸುಮ್ಮನಿರಬೇಕಿತ್ತು. ಅಷ್ಟು ದಿನದ ಸಿಟ್ಟು ಮೊದಲು ಬಾಯಿಗೆ ಬಂತು.

“ಇಟ್ಟಿಗೆ ಸರಿಯಾಗೇ ಐತಣ್ಣ. ತಾಳಾನೂ ಅಲ್ಲೇ ಐತೆ. ಹೋಗಿರೋದು ನಿಮ್ಮ ಕಿವಿ.”

ಮಾಲೀಕ ಅಲ್ಲೇ ನಿಂತಿದ್ದ. ಮುನಿರಾಜಣ್ಣ ನನ್ನ ಕೈಯಿಂದ ಇಟ್ಟಿಗೆ ತೆಗೆದುಕೊಂಡು ಇನ್ನೊಂದು ಸಲ, ಕಿವಿಗೆ ತೀರ ಹತ್ತಿರ ಹಿಡಿದು ತಟ್ಟಿದರು. ಆಮೇಲೆ ರಾಶಿಯ ಮೇಲಿಟ್ಟು, “ಲೋಡು ಹೋಗ್ಲಿ” ಎಂದರು. ಮಾರನೆಯ ದಿನದಿಂದ ಅವರು ಗೂಡಿಗೆ ಹೋಗಲಿಲ್ಲ. ನನ್ನ ಗೋಡೆ ವಾರದಲ್ಲಿ ಎದ್ದಿತು. ಅದನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ತಿಂಗಳಾದ ಮೇಲೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಮಗಳು ಕೊಡಿಸಿದ್ದ ಕಿವಿಯ ಮಿಷನ್ನು ಟೀವಿಯ ಮೇಲೆ ಬಿದ್ದಿತ್ತು. “ಅದ್ರಾಗೆ ಎಲ್ಲಾ ತಗಡು ಬಡಿದಂಗೆ ಕೇಳ್ತೈತೆ. ಆ ಹಾಡು ಹಾಕು” ಎಂದರು. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಅಂಗೈ ಚಾಚಿದರು. “ತಾಳ ಬಂದಾಗೆಲ್ಲ ಇಲ್ಲೊಂದು ತಟ್ಟು.”

ತಟ್ಟುತ್ತ ಹೋದೆ. ಅವರು ಕಣ್ಣು ಮುಚ್ಚಿದ್ದರು. ಮೂರನೇ ಹಾಡಿನ ಕೊನೆಯಲ್ಲಿ ನನ್ನ ಬೆರಳು ಹಿಡಿದುಕೊಂಡರು.

“ಒಂದು ಬಿಟ್ಟೆ ಕಣೋ.”

“ಇಲ್ಲಣ್ಣ, ಅಲ್ಲಿ ತಾಳ ಇಲ್ಲ.”

“ಐತೆ. ಗಿಟಾರು ನಿಲ್ಲೋಕೆ ಮುಂಚೆ, ಮೆಲ್ಲಗೆ ಒಂದು. ನೆಟ್ಟಗೆ ಕಿವಿಗೊಡೋಕೂ ಬರಲ್ವಾ ನಿಂಗೆ?”

ಮೂರು ಸಲ ಹಿಂದಕ್ಕೆ ಹಾಕಿಸಿದರು. ನನಗೆ ಕೇಳಿಸಲಿಲ್ಲ. ಪೀಡೆ ಕಳೆಯಲಿ ಎಂದು, “ಹೌದು, ಐತೆ” ಎಂದು ಅಂಗೈ ತಟ್ಟಿದೆ.

“ಸುಳ್ಳು ಹೇಳ್ತೀಯ” ಎಂದು ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡರು. ನಾವು ಒಟ್ಟಿಗೆ ಕೂತದ್ದು ಅದೇ ಕೊನೆ. ಚಳಿಗಾಲದಲ್ಲಿ ಹೋಗಿಬಿಟ್ಟರು.

ಹೋದ ಭಾನುವಾರ ಮೇಲಿನ ರೂಮಿನ ಕಿಟಕಿ ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಇಲ್ಲವೆಂದು ಖಚಿತ ಮಾಡಿಕೊಂಡು ಇದನ್ನು ಮುಗಿಸಿಬಿಡೋಣ ಎಂದೇ ಕೂತದ್ದು. ಮೂರನೇ ಹಾಡು, ಗಿಟಾರು ನಿಲ್ಲುವ ಮುಂಚೆ, ಬಹಳ ಮೆಲ್ಲಗೆ ಒಂದು ತಾಳ ಬಂತು. ಬೆರಳು ತಾನಾಗಿ ಎದ್ದಿತು. ಚಾಚಿದ ಅಂಗೈ ಇರಲಿಲ್ಲ. ಅವರು ಬೇಡವೆಂದಿದ್ದ ಇಟ್ಟಿಗೆಯ ಗೋಡೆಯನ್ನೇ ಒಂದು ಸಲ ತಟ್ಟಿದೆ.