ಹೆರಾಲ್ಡನ ಸೈಕಲ್ಲಿಗೆ ದೊಡ್ಡ ಗೇರ್

ಕೊರೋನಾ ಮುಗಿದು, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಜನ ಮತ್ತೆ ಸಿಯಾಟಲ್ ನಗರದ ಸೌತ್ ಲೇಕ್ ಯೂನಿಯನ್ನಿನ ಆಫೀಸುಗಳಿಗೆ ಹೋಗತೊಡಗಿದ್ದ ವರ್ಷ. ಆಗ ನಾನು ಅಲ್ಲೇ ಹತ್ತಿರದ ಇಸ್ಸಾಕ್ವಾ ಊರಿನ ಒಂದು ಸೈಕಲ್ ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್. ಗಂಡನ ವೀಸಾದ ಮೇಲೆ ಮೈಸೂರಿನಿಂದ ಬಂದವಳು. ಕೆಲಸ ಮಾಡುವ ಪರವಾನಗಿ ಇಲ್ಲದೆ ಮನೆಯಲ್ಲಿ ಕೂತು ತಲೆ ಕೆಟ್ಟು, ಸೈಕಲ್ ರಿಪೇರಿ ಕಲಿಸುವ ಕಡೆ ಪುಕ್ಕಟೆ ದುಡಿಯಲು ಹೋದೆ. ಪರವಾನಗಿ ಬಂದ ಮೇಲೂ ಅದೇ ಕಸುಬು ಹಿಡಿದೆ. "ಶಾಹೀನ್, ಇಂಜಿನಿಯರಿಂಗ್ ಓದಿ ಪಂಕ್ಚರ್ ಹಾಕ್ತೀಯಲ್ಲೇ" ಎಂದು ಅಮ್ಮಿ ಫೋನಿನಲ್ಲಿ ಕೊರಗುತ್ತಿದ್ದರು. ಚೆನ್ನಾಗಿಯೇ ಹಾಕ್ತೀನಿ ಅಮ್ಮಿ ಎನ್ನುತ್ತಿದ್ದೆ.

ಆ ವಸಂತದಲ್ಲಿ ಪ್ರಸಾದ್ ಎಂಬವರು ಒಂದು ಹಳೆಯ ರೋಡ್ ಬೈಕ್ ತಂದರು. ಅವರೂ ಮೈಸೂರಿನವರೇ, ಐವತ್ತು ದಾಟಿದ ಸಾಫ್ಟ್‌ವೇರ್ ಮನುಷ್ಯ. ಸೈಕಲ್ ಅವರ ಪಕ್ಕದ ಮನೆಯ ಹೆರಾಲ್ಡನದು. ಎಂಬತ್ತು ದಾಟಿದ ಹೆರಾಲ್ಡ್ ಮನೆ ಮಾರಿ ಗುಡ್ಡದ ಮೇಲಿನ ಹಿರಿಯರ ಅಪಾರ್ಟ್‌ಮೆಂಟಿಗೆ ಹೋಗುವಾಗ ಸೈಕಲ್ಲನ್ನು ಪ್ರಸಾದರ ಕೈಗೆ ಕೊಟ್ಟು, ಒಂದು ದಿನ ಇದರ ಮೇಲೆ ನನ್ನನ್ನು ನೋಡೋಕೆ ಬಾ, ಕಿಟಕಿಯಿಂದ ರಸ್ತೆ ಕಾಣುತ್ತೆ ಅಂದಿದ್ದನಂತೆ. ಬರ್ತೀನಿ ಎಂದು ಇವರು ಮಾತು ಕೊಟ್ಟಿದ್ದರು.

ಹಿಂದಿನ ಚಕ್ರದ ಗೇರುಗಳು ಪೂರ್ತಿ ಸವೆದಿದ್ದವು. ಹಲ್ಲುಗಳು ಚೂಪಾಗಿ, ಜೋರಾಗಿ ತುಳಿದರೆ ಚೈನ್ ಹಾರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಗೇರಿನ ಅಳತೆ. ಹಿಂದಿನ ಗೇರ್ ದೊಡ್ಡದಿದ್ದಷ್ಟೂ ಏರು ಹತ್ತುವುದು ಸುಲಭ. ಇದರಲ್ಲಿ ಅತಿ ದೊಡ್ಡದಕ್ಕೂ ಇಪ್ಪತ್ತೊಂದೇ ಹಲ್ಲು. ಸಪಾಟು ರಸ್ತೆಯಲ್ಲಿ ರೇಸ್ ಓಡಿಸುವವರಿಗೆ ಸರಿ, ಈ ಗುಡ್ಡಕ್ಕೆ ಅಲ್ಲ. ಇಪ್ಪತ್ತೆಂಟು ಹಲ್ಲಿನದು ಹಾಕೋಣ, ಜೊತೆಗೆ ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಡಿರೇಲರನ್ನೂ ಬದಲಿಸಬೇಕಾಗುತ್ತದೆ ಎಂದೆ.

ಪ್ರಸಾದರ ಮುಖ ಚಿಕ್ಕದಾಯಿತು. "ಬೇಡ ಮೇಡಂ. ಹಿರಿಯರು ಪ್ರೀತಿಯಿಂದ ಕೊಟ್ಟಿರೋದು. ಹೆಂಗಿತ್ತೋ ಹಂಗೇ ಇರ್ಲಿ."

ಹಾಗಾದರೆ ಅವರನ್ನೇ ಒಂದು ಮಾತು ಕೇಳಿ ಎಂದೆ.

"ಅಯ್ಯೋ, ಹೆಂಗೆ ಕೇಳೋದು? ನೀವು ಕೊಟ್ಟಿದ್ದು ಸರಿಯಿಲ್ಲ ಅಂದಂಗಾಗತ್ತೆ."

ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು, ತೊಂದರೆಯಾದದ್ದೇ ಅದರಿಂದ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕನ್ ಹುಡುಗಿಯಾಗಿದ್ದರೆ ಅಲ್ಲೇ ನಿಲ್ಲಿಸಿಕೊಂಡು ಫೋನ್ ಮಾಡಿಸುತ್ತಿದ್ದಳು. ನಾನು ಹೌದು ಅದೂ ಸರಿಯೇ ಎಂದು ತಲೆಯಾಡಿಸಿ, ಎಲ್ಲೆಲ್ಲೋ ಹುಡುಕಿ ಅದೇ ಕಾಲದ, ಅದೇ ಅಳತೆಯ, ಯಾರೂ ಬಳಸದೆ ಉಳಿದಿದ್ದ ಗೇರ್ ಸೆಟ್ ತರಿಸಿದೆ. ಹಳೆಯದು ತುಳಿದು ತುಳಿದು ಚಕ್ರದ ನಡುವಿನ ಹಬ್ ಮೇಲೆ ಬಿಗಿದುಕೊಂಡಿತ್ತು. ಬಿಚ್ಚುವ ಟೂಲನ್ನು ಮೇಜಿಗೆ ಬಿಗಿದ ದೊಡ್ಡ ಇಕ್ಕಳದಂಥ ವೈಸಿನಲ್ಲಿ ಕಚ್ಚಿಸಿ, ಅದರ ಮೇಲೆ ಚಕ್ರ ಕೂರಿಸಿ, ಬಸ್ಸಿನ ಸ್ಟಿಯರಿಂಗ್ ತಿರುಗಿಸಿದಂತೆ ಮೈಭಾರವೆಲ್ಲ ಹಾಕಿದ ಮೇಲೆ ಲಟಕ್ ಎಂದು ಸಡಿಲವಾಯಿತು. ಹೊಸ ಚೈನ್ ಹಾಕಿ ಕೊಟ್ಟಾಗ ಸೈಕಲ್ ಹೂವಿನಂತೆ ಓಡುತ್ತಿತ್ತು. ಬಹಳ ಹೆಮ್ಮೆಪಟ್ಟೆ.

ಬೇಸಿಗೆಯಿಡೀ ಪ್ರಸಾದ್ ಭಾನುವಾರ ಭಾನುವಾರ ಆ ಗುಡ್ಡ ಹತ್ತಲು ನೋಡಿದರು. ಟಪಾಲು ಡಬ್ಬಿಗಳ ಸಾಲಿರುವ ತಿರುವಿನಲ್ಲಿ ಏರು ಕಡಿದಾಗುತ್ತದೆ, ಪ್ರತಿಸಲವೂ ಅಲ್ಲಿ ಕಾಲು ಊರಿ ವಾಪಸ್ ಬರುತ್ತಿದ್ದರು. ಗಾಳಿ ತುಂಬಿಸಲು ಅಂಗಡಿಗೆ ಬಂದಾಗ ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದರು. ಹೆರಾಲ್ಡನನ್ನು ನೋಡಿದಿರಾ ಎಂದರೆ, ಫೋನ್ ಮಾಡ್ತಿರ್ತೀನಿ, ಹೋದ್ರೆ ಸೈಕಲ್ ಮೇಲೇ ಹೋಗೋದು ಎನ್ನುತ್ತಿದ್ದರು. ಕಾರಿನಲ್ಲಿ ಹತ್ತು ನಿಮಿಷದ ದಾರಿ ಅದು.

ಎಲೆ ಉದುರುವ ಕಾಲಕ್ಕೆ ಕುಂಟುತ್ತಾ ಬಂದರು. ಭಾರದ ಗೇರನ್ನು ಹಟದಿಂದ ತುಳಿದು ಮಂಡಿ ಹೋಗಿತ್ತು. ಇನ್ನು ಸೈಕಲ್ ತುಳಿಯುವಂತಿಲ್ಲ ಎಂದು ಡಾಕ್ಟರ್ ಹೇಳಿದ್ದರಂತೆ. "ಆ ದೊಡ್ಡ ಗೇರ್ ಹಾಕಿ ಮೇಡಂ. ನೀವು ಓಡಿಸ್ಕೊಂಡು ಬನ್ನಿ, ನಾನು ಹಿಂದೆ ಕಾರಲ್ಲಿ ಬರ್ತೀನಿ. ಸೈಕಲ್ಲಾದ್ರೂ ಅವರ ಮನೆ ತಲುಪಲಿ." ಗೇರು, ಡಿರೇಲರು, ಉದ್ದದ ಚೈನು ಎಲ್ಲ ಹಾಕಿದೆ.

ಭಾನುವಾರ ಹತ್ತಿದೆ. ಟಪಾಲು ಡಬ್ಬಿಗಳ ತಿರುವನ್ನು ಕೂತುಕೊಂಡೇ ದಾಟಿದೆ. ಅಷ್ಟು ಸುಲಭವಿತ್ತು ಅದು.

ಹೆರಾಲ್ಡ್ ಬಾಗಿಲ ಬಳಿ ನಿಂತಿದ್ದ. ನಮ್ಮ ಕಡೆಗೇ ಮುಖ, ಆದರೆ ನೋಟ ನಮ್ಮ ಮೇಲಿರಲಿಲ್ಲ. ಮೊದಲೇ ಮಂಜಾಗಿದ್ದ ಕಣ್ಣು ಈಚಿನ ಎರಡು ತಿಂಗಳಲ್ಲಿ ಪೂರ್ತಿ ಹೋಗಿತ್ತು. ಪ್ರಸಾದರಿಗೆ ಇದು ಗೊತ್ತೇ ಇರಲಿಲ್ಲ, ಫೋನಿನಲ್ಲಿ ಆತ ಹೇಳಿರಲಿಲ್ಲ. ಸೈಕಲ್ಲನ್ನು ಎದುರಿಗೆ ನಿಲ್ಲಿಸಿದೆ. ಆತ ಸೀಟಿನಿಂದ ಕೈಯಾಡಿಸುತ್ತಾ ಬಂದು ಹಿಂದಿನ ಗೇರಿನ ಮೇಲೆ ಬೆರಳಿಟ್ಟ. ಪ್ರಸಾದರು ಉಸಿರು ಹಿಡಿದುಕೊಂಡಿದ್ದರು.

ಆತ ಇಂಗ್ಲಿಷಿನಲ್ಲಿ ಅಂದದ್ದು ಇಷ್ಟು: "ದೊಡ್ಡದು ಹಾಕಿಸಿದೆಯಾ? ಒಳ್ಳೇದಾಯ್ತು. ಆ ಹಾಳು ಗೇರಲ್ಲಿ ನಾನು ಒಂದು ಸಲವೂ ಈ ಗುಡ್ಡ ಹತ್ತಲಿಲ್ಲ. ಟಪಾಲು ಡಬ್ಬಿ ಹತ್ರ ಇಳಿದು ತಳ್ಳುತ್ತಿದ್ದೆ."

ಪ್ರಸಾದರು ತಡವರಿಸುತ್ತಾ, ತಾನೂ ಅಲ್ಲಿಯವರೆಗೆ ಪ್ರತಿ ವಾರ ಬರುತ್ತಿದ್ದೆ, ಇಳಿಯಲು ನಾಚಿಕೆಯಾಗಿ ಹಿಂದಿರುಗುತ್ತಿದ್ದೆ ಎಂದರು.

ಹೆರಾಲ್ಡ್ ಗೇರಿನಿಂದ ಬೆರಳು ತೆಗೆದ. "ಬೇಸಿಗೆಯಲ್ಲಿ ನನಗೆ ಇನ್ನೂ ಕಾಣ್ತಿತ್ತು. ತಳ್ಳಿಕೊಂಡು ಬಂದಿದ್ದರೂ ನೋಡ್ತಿದ್ದೆನಲ್ಲ."

ಪ್ರಸಾದರು ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನಾನು ರಸ್ತೆಯ ಕಡೆ ತಿರುಗಿ ನಿಂತೆ.

ಹಲ್ಲು, ಅಳತೆ, ಚೈನಿನ ಉದ್ದ ಯಾರು ಬೇಕಾದರೂ ಕಲಿಯಬಹುದು. ಯಾರೋ ಕೊಟ್ಟ ಸೈಕಲ್ ಹಿಡಿದು ಹಾಗೇ ಇರಲಿ ಎನ್ನುವವರು ನಮ್ಮಲ್ಲಿಗೆ ಈಗಲೂ ಬರುತ್ತಾರೆ. ಕೊಟ್ಟವರು ಬದುಕಿದ್ದಾರಾ ಎಂದು ಕೇಳುತ್ತೇನೆ. ಇದ್ದಾರೆ ಎಂದರೆ, ಫೋನ್ ಮಾಡಿ ಮಾತಾಡುವವರೆಗೂ ನಾನು ಸ್ಪ್ಯಾನರ್ ಎತ್ತುವುದಿಲ್ಲ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ.