ಮಾಸ್ತರರ ಕೋಣೆಯ ದೀಪ

ಮುದ್ದೇಬಿಹಾಳದ ನಮ್ಮ ಮನೆಗೆ ಕರೆಂಟು ಬಂದು ಎರಡು ವರ್ಷವಾಗಿತ್ತು. ಅರವತ್ತರ ದಶಕದ ನಡುವಿನ ಮಾತು. ನಾನಾಗ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ಇದ್ದವರು ಒಂದನೇ ಇಯತ್ತೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಮಾಸ್ತರರು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ತಾಳಿಕೋಟೆಗೆ ಕೊಟ್ಟಿದ್ದರು. ಐದು ಹೊತ್ತಿನ ನಮಾಜು, ಮಿಕ್ಕ ಹೊತ್ತೆಲ್ಲ ಓದು. ಅವರ ಲೈಟಿನ ಖರ್ಚು ಬಾಡಿಗೆಯಲ್ಲೇ ಸೇರಿತ್ತು.

ಆ ಮಳೆಗಾಲದಲ್ಲಿ ಬಿಲ್ಲು ಇದ್ದಕ್ಕಿದ್ದಂತೆ ಏರಿತು. ಮೊದಲನೆಯ ತಿಂಗಳು, ಬರೆದುಕೊಂಡವರು ತಪ್ಪಿರಬೇಕು ಅಂದುಕೊಂಡೆ. ಮರು ತಿಂಗಳು ಇನ್ನೂ ಹೆಚ್ಚು. ಇದ್ದದ್ದು ನಾಲ್ಕೇ ಬಲ್ಬು. ನಾವಿಬ್ಬರೂ ಊಟವಾದ ಕೂಡಲೇ ಆರಿಸುವವರು. ಬಹಳ ಹೊತ್ತು ಉರಿಯುತ್ತಿದ್ದದ್ದು ಮಾಸ್ತರರ ಕೋಣೆಯ ದೀಪ ಮಾತ್ರ. ಅದಕ್ಕಿಂತ ಹೆಚ್ಚು ಯೋಚಿಸುವ ತೊಂದರೆಯನ್ನು ನಾನು ತೆಗೆದುಕೊಳ್ಳಲಿಲ್ಲ.

ಒಂದು ಮುಂಜಾನೆ ಅವರ ಬಾಗಿಲಲ್ಲಿ ನಿಂತು ಕೇಳಿದೆ: "ಮಾಸ್ತರ್ರ, ಬಿಲ್ಲು ಭಾಳ ಬರಾಕತ್ತೇತ್ರಿ. ಲೈಟ್ ಬಿಟ್ಟು ಬ್ಯಾರೆ ಏನರ ಹಚ್ಚತೀರೇನ್ರಿ? ಕರೆಂಟಿನ ಒಲಿ ಗಿಲಿ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, "ಒಳಗ ಬಂದು ನೋಡ್ಕೋ ತಮ್ಮಾ" ಅಂದರು.

ಅಷ್ಟಕ್ಕೇ ನಾನು ಹಿಂದಿರುಗಬಹುದಿತ್ತು. ಹಿಂದಿರುಗಲಿಲ್ಲ. ಒಳಗೆ ಹೋದೆ. ಒಂದು ಮಂಚ, ಟ್ರಂಕು, ಚಾಪೆ, ನೀರಿನ ಕೊಡ, ಗೋಡೆಗೆ ಒರಗಿಸಿಟ್ಟ ಪುಸ್ತಕಗಳು. ಬಗ್ಗಿ ಮಂಚದ ಕೆಳಗೂ ನೋಡಿದೆ. ಅಲ್ಲಿ ಅವರ ಹಳೆಯ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ.

ಅಂದು ಸಂಜೆ ಮಾಸ್ತರರು ತಮ್ಮ ಬಲ್ಬನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟರು. "ನನಗ ಕಂದೀಲ ರೂಢಿ ಐತ್ರಿ ತಂಗಿ" ಅಂದರಂತೆ.

ಅವ್ವ ಆ ಬಲ್ಬನ್ನು ನನ್ನ ಮುಂದೆ ತಂದಿಟ್ಟಳು. "ಅವರ ಕಡೆ ಕಲತಾಂವ ನೀ. ಕೇಳೂ ಮಾತೇನು ಅದು?" ಅಂದಳು. ಅದೇ ದಿನಗಳಲ್ಲಿ ಅವಳು ಇನ್ನೊಂದು ಮಾತು ಹೇಳುತ್ತಿದ್ದಳು, ಬಚ್ಚಲ ಗೋಡೆಗೆ ಕೈ ಹಚ್ಚಿದರೆ ಜುಮ್ ಅನ್ನುತ್ತದೆ ಅಂತ. "ವಯಸ್ಸಾತಲ್ಲಬೇ, ನರದ್ದಿರಬೇಕು" ಅಂದು ನಾನು ಕಚೇರಿಗೆ ಹೊರಟುಬಿಡುತ್ತಿದ್ದೆ.

ಮುಂದಿನ ತಿಂಗಳ ಬಿಲ್ಲಿನಲ್ಲಿ ಏನೂ ಇಳಿದಿರಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕೂತು, ಹೊತ್ತು ಮುಳುಗುವ ತನಕ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ಮನೆ ಸೇರತೊಡಗಿದೆ.

ಕೊನೆಗೆ ಒಂದು ರವಿವಾರ ವೈರಿಂಗ್ ಮಾಡುವವನನ್ನು ಕರೆತಂದೆ. ಅವನು ಎಲ್ಲ ಸ್ವಿಚ್ ಆರಿಸಲು ಹೇಳಿ ಮೀಟರಿನ ಮುಂದೆ ನಿಂತ. ಒಳಗಿನ ಚಕ್ರ ತಿರುಗುತ್ತಲೇ ಇತ್ತು. ಮಾಸ್ತರರ ಕೋಣೆಯ ಫ್ಯೂಜು ಕಿತ್ತ, ಆಗಲೂ ತಿರುಗಿತು. ನಮ್ಮ ನಡುಮನೆಯ ಫ್ಯೂಜು ಕಿತ್ತ ಕೂಡಲೇ ನಿಂತಿತು.

ಅವನು ವೈರು ಹೋದ ಮರದ ಪಟ್ಟಿಯ ಗುಂಟ ನೋಡುತ್ತ ಹೋಗಿ, ಬಚ್ಚಲಿಗೆ ತಾಗಿದ ಗೋಡೆಯ ಹತ್ತಿರ ನಿಂತ. ಅಲ್ಲಿ ನನ್ನ ಫೋಟೋ ತೂಗುತ್ತಿತ್ತು. ನೌಕರಿ ಸಿಕ್ಕಾಗ ವಿಜಾಪುರದಲ್ಲಿ ಕೋಟು ಹಾಕಿಕೊಂಡು ತೆಗೆಸಿದ್ದು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲದ್ದಕ್ಕೆ ಹಿಂದಿನ ಬೇಸಿಗೆಯಲ್ಲಿ ನಾನೇ ಆ ಪಟ್ಟಿಗೆ ಉದ್ದದ ಮೊಳೆ ಹೊಡೆದಿದ್ದೆ. ಅದು ವೈರನ್ನು ತೂರಿ ಗೋಡೆಗೆ ಇಳಿದಿತ್ತು; ಮಳೆಗೆ ಗೋಡೆ ಹಸಿಯಾಗಿತ್ತು. ಹಗಲೂ ರಾತ್ರಿ ಕರೆಂಟು ಗೋಡೆಗೆ ಹರಿಯುತ್ತಿತ್ತು.

"ನೀರ ಚೆಲ್ಲಿದ ನೆಲದ ಮ್ಯಾಲೆ ನಿಂತು ಈ ಗ್ವಾಡಿ ಹಿಡದಿದ್ರ ಜೀವ ಹೋಗತಿತ್ತು" ಅಂದ. "ಯಾರ್ರೀ ಈ ಮೊಳಿ ಬಡದವರು?"

ಅವ್ವ ನನ್ನ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಾಸ್ತರರು, "ಹಳೀ ಮನಿ ಐತಿ, ಯಾವ ಕಾಲದ್ದೋ ಏನೋ. ನೀ ಮದಲ ಅದನ್ನ ಕೀಳಪಾ" ಅಂದರು. ಫೋಟೋದಲ್ಲಿದ್ದವನು ಯಾರೆಂದು ಅವರಿಗೆ ಕಾಣದೇ ಇರಲಿಲ್ಲ.

ಸಂಜೆ ಬಲ್ಬು ಹಿಡಿದುಕೊಂಡು ಅವರ ಕೋಣೆಗೆ ಹೋದೆ. "ತಪ್ಪಾತ್ರಿ ಮಾಸ್ತರ್ರ" ಅಂದೆ. ಅವರು ಬಲ್ಬನ್ನು ಇಸಿದುಕೊಂಡು, ಕುಳಿತುಕೋ ಅಂದರು. "ಬಿಲ್ಲಿಂದಲ್ಲ. ನೀ ಮಂಚದ ಬುಡಕ ಬಗ್ಗಿ ನೋಡಿದೆಲ್ಲ, ಅದೊಂದು ಮನಸಿಗೆ ಹತ್ತಿತ್ತು. ಇರಲಿ, ಹೇಳಿದೆ, ಮುಗೀತು" ಅಂದರು.

ಮತ್ತೆ ಒಂದೂವರೆ ವರ್ಷ ನಮ್ಮಲ್ಲೇ ಇದ್ದು, ಮಗಳ ಮನೆಗೆ ಹೋದರು. ಟ್ರಂಕನ್ನು ತಾಳಿಕೋಟೆ ಬಸ್ಸಿಗೆ ನಾನೇ ಏರಿಸಿದೆ. ಮೊಳೆಯ ಕಥೆಯನ್ನು ಕಚೇರಿಯಲ್ಲಿ, ಬೀಗರ ಮನೆಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಮಂಚದ ಕೆಳಗೆ ಬಗ್ಗಿದ್ದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ.